ಕಣದ ರಾಗಿಯೂ ಕಾಳಗದ ಲೆಕ್ಕವೂ



ಎಂದಿನಂತೆ ಈ ದಿನ ನಾನು ಬೀಜೋಪಚಾರದ ಮಾತಾಗಲಿ, ಗೊಬ್ಬರದ ಮಾತಾಗಲಿ ಆಡಲು ಬಂದಿಲ್ಲ. ಹೋದ ಸುಗ್ಗಿಯಲ್ಲಿ ನಮ್ಮ ಹೋಬಳಿಯ ಒಂದು ಹಳ್ಳಿಗೆ ಹೋಗಿದ್ದಾಗ ಒಬ್ಬ ಅಜ್ಜ ನನಗೆ ಒಂದು ಪ್ರಶ್ನೆ ಹಾಕಿದರು. ತೊಂಬತ್ತು ದಾಟಿದ ಜೀವ. ಕಣದ ಪಕ್ಕದ ಹುಣಸೆ ಮರದ ನೆರಳಲ್ಲಿ ಕೂತಿದ್ದರು. ಅವರ ಮಾತನ್ನು ಅವರು ಆಡಿದ ಹಾಗೆಯೇ ನಿಮ್ಮ ಮುಂದೆ ಇಡುತ್ತೇನೆ.

“ಸ್ವಾಮಿ, ನೀವು ಓದಿದೋರು. ಒಂದು ಮಾತು ಕೇಳ್ತೀನಿ. ಆಗ ನಾನು ಎಂಟೊಂಬತ್ತು ವರ್ಷದ ಹುಡುಗ. ಯಾವುದೋ ಸೀಮೇಲಿ ಲಡಾಯಿ ಅಂತೆ. ನಮ್ಮೂರಿಗೆ ಒಂದು ಗುಂಡೂ ಬೀಳಲಿಲ್ಲ. ಆದ್ರೂ ಅಮಲ್ದಾರರ ಕಡೆಯೋರು ಬಂದು, ಲೆವಿ ಅಂತ ಹೇಳಿ, ನಮ್ಮಪ್ಪನ ಕಣದಾಗೆ ರಾಗಿ ಅಳೆದು ಎತ್ಕೊಂಡು ಹೋದ್ರು. ನಮ್ಮವ್ವ ಎರಡು ಕೊಳಗ ರಾಗೀನ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟಿದ್ಲು. ಅದೂ ಸಿಕ್ಕಿಬಿಡ್ತು. ಅವತ್ತು ಅವ್ವ ಅತ್ತಿದ್ದು ಇವತ್ತಿಗೂ ಮರೆತಿಲ್ಲ. ಎಲ್ಲೋ ಲಡಾಯಿ ಆದ್ರೆ ನಮ್ಮ ಕಣದ ರಾಗಿ ಯಾಕೆ ಸ್ವಾಮಿ? ಹಂಗೆ ಮಾಡಿದ್ದು ನ್ಯಾಯವಾ?”

ಅಂದು ನನಗೆ ಉತ್ತರ ತೋಚಲಿಲ್ಲ. ಡಿಪ್ಲೊಮಾದಲ್ಲಿ ನಮಗೆ ಮಣ್ಣು, ಬೆಳೆ, ಕೀಟ ಕಲಿಸಿದರೇ ಹೊರತು ಇದನ್ನು ಕಲಿಸಿರಲಿಲ್ಲ. ಮನೆಗೆ ಬಂದು ಹಳೆಯ ಚರಿತ್ರೆಯ ಪುಸ್ತಕಗಳನ್ನು ತಿರುವಿ ನೋಡಿದೆ. ತಿಳಿದದ್ದನ್ನು ಅಜ್ಜನಿಗೂ ನಿಮಗೂ ಹೇಳುತ್ತೇನೆ, ಕೇಳಿ.

ಮೊದಲು ಒಂದು ಸಂಸಾರದ ಮಾತು ತೆಗೆದುಕೊಳ್ಳೋಣ. ಮಳೆ ಕೈಕೊಟ್ಟ ವರ್ಷ ಮನೆಯ ಯಜಮಾನ ಏನು ಮಾಡುತ್ತಾನೆ? ಹಗೇವಿನಲ್ಲಿ ಎಷ್ಟು ರಾಗಿ ಇದೆ ಅಂತ ನೋಡುತ್ತಾನೆ. ಬೀಜಕ್ಕೆ ಇಷ್ಟು, ಊಟಕ್ಕೆ ಇಷ್ಟು ಅಂತ ಬೇರೆ ಮಾಡುತ್ತಾನೆ. ಮಗಳ ಮದುವೆಯನ್ನು ಮುಂದಿನ ವರ್ಷಕ್ಕೆ ಹಾಕುತ್ತಾನೆ. ಹೊಸ ಗಾಡಿ ಬೇಡ, ಬಾವಿಯ ಹೂಳು ತೆಗೆಸೋಣ ಅನ್ನುತ್ತಾನೆ. ದುಡಿಯುವ ಕೈ ಅಷ್ಟೇ, ದವಸ ಅಷ್ಟೇ. ಆದರೆ ಅವು ಹರಿಯುವ ಕಾಲುವೆ ಬೇರೆಯಾಯಿತು. ಯುದ್ಧ ಬಂದಾಗ, ಬರ ಬಂದಾಗ ಸರ್ಕಾರ ದೇಶಕ್ಕೆ ಮಾಡುವುದೂ ಇದನ್ನೇ. ಕಬ್ಬಿಣ, ಕಲ್ಲಿದ್ದಲು, ಹಡಗು, ರೈಲು, ಜನರ ದುಡಿಮೆ, ನೆಲ, ಇವೆಲ್ಲ ಒಂದು ಮಿತಿಗೆ ಒಳಪಟ್ಟವು. ನೋಟನ್ನು ಬೇಕಾದಷ್ಟು ಅಚ್ಚು ಹಾಕಬಹುದು, ಧಾನ್ಯವನ್ನು ಅಚ್ಚು ಹಾಕಲು ಬರುವುದಿಲ್ಲ. ಆದ್ದರಿಂದ ಇರುವುದರಲ್ಲೇ ಯಾವುದು ಮೊದಲು, ಯಾವುದು ಆಮೇಲೆ ಎಂದು ಒಬ್ಬರು ತೀರ್ಮಾನಿಸಲೇಬೇಕಾಗುತ್ತದೆ.

ಕಾರ್ಖಾನೆಗಳ ಮಟ್ಟಿಗೆ ಈ ಕೆಲಸ ಒಂದು ರೀತಿಯಲ್ಲಿ ಸುಲಭ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ೧೯೪೨ರ ಜನವರಿಯಲ್ಲಿ ಯುದ್ಧೋತ್ಪಾದನೆಗೆಂದೇ ಒಂದು ಮಂಡಳಿಯನ್ನು ನೇಮಿಸಿತು. ಮರುತಿಂಗಳು, ಫೆಬ್ರವರಿಯಲ್ಲಿ, ಜನಗಳು ಓಡಿಸುವ ಮೋಟಾರು ಕಾರುಗಳ ತಯಾರಿಕೆ ಅಲ್ಲಿ ನಿಂತೇ ಹೋಯಿತು. ಕಾರು ಮಾಡುತ್ತಿದ್ದ ಕಂಪನಿಗಳು ಟ್ಯಾಂಕು, ವಿಮಾನ ಮಾಡತೊಡಗಿದವು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರನ್ನೇ ನೋಡಿ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಪಾಲುಗೂಡಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೨ರಲ್ಲಿ, ಜಪಾನಿನ ಸೇನೆ ಬರ್ಮಾದ ತನಕ ಬಂದಾಗ, ಭಾರತ ಸರ್ಕಾರ ಅದರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಯುದ್ಧವಿಮಾನಗಳ ದುರಸ್ತಿ ಅಲ್ಲಿ ನಡೆಯಿತು.

ಕಾರ್ಖಾನೆಗೆ ಒಬ್ಬ ಮಾಲೀಕ, ಒಂದು ಗೇಟು. ಹೊಲಗಳ ಮಾತು ಹಾಗಲ್ಲ. ಲಕ್ಷಾಂತರ ಹೊಲ, ಲಕ್ಷಾಂತರ ಯಜಮಾನರು. ಬೆಳೆಗೆ ಅದರದೇ ಕಾಲ ಬೇಕು, ಮಳೆ ಬೇಕು. ಸರ್ಕಾರದ ಹುಕುಂ ಬಂದ ಮಾತ್ರಕ್ಕೆ ತೆನೆ ಬೇಗ ಬಲಿಯುವುದಿಲ್ಲ. ಹೀಗಿರುವಾಗ ದೇಶದ ನೇಗಿಲನ್ನೇ ಹೇಗೆ ತಿರುಗಿಸುವುದು? ಒಂದೇ ಯುದ್ಧದಲ್ಲಿ, ಒಬ್ಬನೇ ದೊರೆಯ ಕೆಳಗೆ, ಎರಡು ನಾಡುಗಳಲ್ಲಿ ಇದು ಎರಡು ಬಗೆಯಾಗಿ ನಡೆಯಿತು. ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ನಮ್ಮ ಬಂಗಾಳದಲ್ಲಿ.

ಇಂಗ್ಲೆಂಡಿನ ಕಥೆ ಮೊದಲು. ಯುದ್ಧಕ್ಕೆ ಮುಂಚೆ ಆ ದೇಶದವರು ತಾವು ತಿನ್ನುವುದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೊರಗಿನಿಂದ ತರಿಸುತ್ತಿದ್ದರು. ಗೋಧಿ, ಮಾಂಸ, ಬೆಣ್ಣೆ, ಸಕ್ಕರೆ ಎಲ್ಲ ಹಡಗಿನಲ್ಲಿ ಬರಬೇಕು. ಅಗ್ಗದ ಧಾನ್ಯ ಹೊರಗಿಂದ ಬರುತ್ತಿದ್ದುದರಿಂದ ಅಲ್ಲಿಯ ಒಕ್ಕಲು ಉಳುವುದನ್ನು ಬಿಟ್ಟು, ನೆಲವನ್ನು ಹುಲ್ಲಿಗೆ ಬಿಟ್ಟು, ದನ ಕುರಿ ಮೇಯಿಸುತ್ತಿದ್ದ. ಜರ್ಮನಿಯವರಿಗೆ ಇದು ಗೊತ್ತಿತ್ತು. ನೀರೊಳಗೆ ಸಂಚರಿಸುವ ಜಲಾಂತರ್ಗಾಮಿಗಳಿಂದ ಹಡಗುಗಳನ್ನು ಮುಳುಗಿಸಿಬಿಟ್ಟರೆ ಇಂಗ್ಲೆಂಡು ಹಸಿವಿನಿಂದಲೇ ಸೋಲುತ್ತದೆ ಎಂದು ಎಣಿಸಿದರು.

ಆದರೆ ಅಲ್ಲಿಯ ರೈತನ ಮನಸ್ಸಿನಲ್ಲಿ ಒಂದು ಹಳೆಯ ಗಾಯವಿತ್ತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ, ೧೯೧೭ರಲ್ಲಿ, ಸರ್ಕಾರ ಕಾನೂನು ಮಾಡಿ, “ಗೋಧಿ, ಓಟ್ಸ್ ಬೆಳೆಯಿರಿ, ಬೆಲೆ ಬಿದ್ದರೆ ನಾವು ತುಂಬಿಕೊಡುತ್ತೇವೆ” ಎಂದು ಮಾತು ಕೊಟ್ಟಿತ್ತು. ರೈತರು ಹುಲ್ಲುಗಾವಲನ್ನು ಉತ್ತರು. ಯುದ್ಧ ಮುಗಿಯಿತು. ೧೯೨೧ರಲ್ಲಿ ಧಾರಣೆ ಕುಸಿದಾಗ ಸರ್ಕಾರ ಆ ಕಾನೂನನ್ನೇ ರದ್ದು ಮಾಡಿಬಿಟ್ಟಿತು. ಸಾಲ ಮಾಡಿ ನೆಲ ಕೊಂಡವರು ಮುಳುಗಿದರು. ಇದು ದ್ರೋಹ ಎಂದು ಅಲ್ಲಿಯ ರೈತರು ಎರಡು ದಶಕ ಮರೆಯಲಿಲ್ಲ. ಇನ್ನೊಂದು ಯುದ್ಧ ಹತ್ತಿರ ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಯುದ್ಧ ಮುಗಿದ ಮೇಲೆ ನಮ್ಮ ಗತಿ ಏನು?” ಎಂಬುದೇ.

ಈ ಸಲ ಸರ್ಕಾರ ಮುಂಚಿತವಾಗಿಯೇ ಎಚ್ಚೆತ್ತಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡವೆಂದು, ಯುದ್ಧಕ್ಕೆ ನಾಲ್ಕು ತಿಂಗಳು ಮೊದಲೇ, ೧೯೩೯ರ ಮೇ ತಿಂಗಳಲ್ಲಿ, ಹಳೆಯ ಹುಲ್ಲುಗಾವಲನ್ನು ಉತ್ತವರಿಗೆ ಎಕರೆಗೆ ಎರಡು ಪೌಂಡು ಸಹಾಯಧನ ಸಾರಿತು. ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಕೂಡಲೇ ಜಿಲ್ಲೆಗೊಂದು ಯುದ್ಧಕಾಲದ ಕೃಷಿ ಸಮಿತಿ ಎದ್ದು ನಿಂತಿತು. ಸಮಿತಿಯಲ್ಲಿ ಕೂತವರು ಬಹುಮಟ್ಟಿಗೆ ಆ ಜಿಲ್ಲೆಯ ಬೇಸಾಯಗಾರರೇ. ಇದನ್ನು ಗಮನಿಸಿ. ನೆರೆಯ ಹೊಲದ ಮಣ್ಣು ಎಂಥದ್ದು, ಯಾವ ಗದ್ದೆಯಲ್ಲಿ ನೀರು ನಿಲ್ಲುತ್ತದೆ ಎಂಬುದು ರಾಜಧಾನಿಯ ಕಚೇರಿಯಲ್ಲಿ ಕೂತವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಸಮಿತಿಗಳಿಗೆ ಬಲವಾದ ಅಧಿಕಾರವಿತ್ತು. ಯಾವ ಹೊಲದಲ್ಲಿ ಏನು ಬೆಳೆಯಬೇಕು ಎಂದು ಬರೆದು ಕೊಡಬಹುದಿತ್ತು. ಜೊತೆಗೆ ಟ್ರಾಕ್ಟರು ಬಾಡಿಗೆಗೆ ಕೊಡುವುದು, ಗೊಬ್ಬರ ಹಂಚುವುದು, ಚರಂಡಿ ತೋಡಿಸುವುದು, ಬೇಸಾಯದ ಸಲಹೆ ಹೇಳುವುದು, ಇವೂ ಅವರ ಕೆಲಸವೇ. ೧೯೪೧ರಿಂದ ೧೯೪೩ರ ತನಕ ಸುಮಾರು ಮೂರು ಲಕ್ಷ ಹಿಡುವಳಿಗಳನ್ನು ಒಂದೊಂದಾಗಿ ನೋಡಿ ದಾಖಲೆ ಮಾಡಿದರು. ನೆಲ ಎಂಥದ್ದು, ನೀರು ಉಂಟೆ, ಕೊಟ್ಟಿಗೆ ಹೇಗಿದೆ, ಬೇಸಾಯ ಹೇಗೆ ಮಾಡುತ್ತಾನೆ ಎಂದು ಬರೆದು, ರೈತನಿಗೆ ಶಾಲೆಯ ಮಕ್ಕಳಿಗೆ ಕೊಟ್ಟಂತೆ ಮೊದಲನೆ, ಎರಡನೆ, ಮೂರನೆ ದರ್ಜೆ ಕೊಟ್ಟರು.

ಇದೆಲ್ಲ ಹೂವಿನ ಹಾಸಿಗೆಯಾಗಿತ್ತು ಅಂತ ತಿಳಿಯಬೇಡಿ. ಸಮಿತಿಯ ಮಾತು ಕೇಳದವರ, ಬೇಸಾಯ ಕೆಟ್ಟವರ ನೆಲವನ್ನು ಸಮಿತಿ ಕಿತ್ತುಕೊಂಡು ಬೇರೆಯವರಿಗೆ ಕೊಡಬಹುದಿತ್ತು, ಕೊಟ್ಟಿತು ಕೂಡ. ೧೯೪೦ರ ಜುಲೈ ತಿಂಗಳಲ್ಲಿ ಹ್ಯಾಂಪ್‌ಷೈರ್ ಜಿಲ್ಲೆಯ ಒಬ್ಬ ಒಕ್ಕಲು, ತಾನು ಹುಟ್ಟಿ ಬೆಳೆದ ಹೊಲಮನೆ ಬಿಡುವುದಿಲ್ಲ ಎಂದು ಬಂದೂಕು ಹಿಡಿದು ಬಾಗಿಲು ಹಾಕಿಕೊಂಡ. ಪೊಲೀಸರ ಗುಂಡಿಗೆ ಅವನ ಪ್ರಾಣ ಹೋಯಿತು. ನೆರೆಯವನೇ ನೆರೆಯವನ ಮೇಲೆ ತೀರ್ಪು ಹೇಳುವಾಗ ಹಳೆಯ ಹಗೆ ಕೆಲಸ ಮಾಡುವುದಿಲ್ಲ ಎನ್ನುವಂತಿಲ್ಲ. ಮೇಲ್ಮನವಿಗೆ ಸರಿಯಾದ ನ್ಯಾಯಾಲಯದ ದಾರಿ ಇರಲಿಲ್ಲವೆಂದು ಆ ಕಾಲದಲ್ಲೇ ದೂರಿದವರಿದ್ದರು. ಹಾಗಾಗಿ ಆ ಅಜ್ಜನ ಕಣ್ಣೀರಿಗೆ ಜೊತೆಯಾಗುವ ಕಣ್ಣೀರು ಇಂಗ್ಲೆಂಡಿನಲ್ಲೂ ಇತ್ತು.

ಆದರೂ ಬಹುಪಾಲು ರೈತರು ನೇಗಿಲು ತಿರುಗಿಸಿದರು. ಯಾಕೆ? ದಂಡನೆಯ ಭಯ ಒಂದೇ ಕಾರಣವಲ್ಲ. ೧೯೪೦ರ ನವೆಂಬರಿನಲ್ಲಿ ಸರ್ಕಾರ ಬಹಿರಂಗವಾಗಿ ಮಾತು ಕೊಟ್ಟಿತು. ಬೆಳೆದದ್ದಕ್ಕೆ ಗೊತ್ತಾದ ಬೆಲೆ ಉಂಟು, ಕೊಳ್ಳುವವರು ಖಂಡಿತ ಉಂಟು, ಈ ಏರ್ಪಾಟು ಯುದ್ಧ ಮುಗಿಯುವ ತನಕ ಮತ್ತು ಮುಗಿದ ಮೇಲೆ ಕಡೇಪಕ್ಷ ಒಂದು ವರ್ಷ ನಡೆಯುತ್ತದೆ ಎಂದು. ಈ ಸಲ ಮಾತು ತಪ್ಪಲಿಲ್ಲ. ೧೯೪೭ರಲ್ಲಿ ಕೃಷಿ ಕಾಯಿದೆಯನ್ನು ಮಾಡಿ ಖಾತರಿ ಬೆಲೆಯನ್ನು ಶಾಂತಿಕಾಲಕ್ಕೂ ಮುಂದುವರಿಸಿತು.

ಫಲವೇನಾಯಿತು ಕೇಳಿ. ಯುದ್ಧ ಮುಗಿಯುವ ಹೊತ್ತಿಗೆ ಉಳುಮೆಯ ನೆಲ ಸುಮಾರು ೬೦ ಲಕ್ಷ ಎಕರೆ ಹೆಚ್ಚಿತ್ತು. ೧೯೪೩ರಲ್ಲಿ ಗೋಧಿಯ ಫಸಲು ಯುದ್ಧಕ್ಕೆ ಮುಂಚಿನ ಎರಡರಷ್ಟಾಗಿತ್ತು. ಆಲೂಗೆಡ್ಡೆಯೂ ಹೆಚ್ಚುಕಡಿಮೆ ಎರಡರಷ್ಟು. ಮನುಷ್ಯ ತಿನ್ನುವ ಕಾಳನ್ನು ಹಂದಿಗೆ ಹಾಕುವುದು ದಂಡವೆಂದು ಹಂದಿಗಳ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರು. ಹಾಲು ಕೊಡುವ ಹಸುವನ್ನು ಮಾತ್ರ ಉಳಿಸಿಕೊಂಡರು. ಗಂಡಾಳುಗಳು ಸೇನೆಗೆ ಹೋದ ಕಡೆ ಹೆಂಗಸರ ಭೂಸೇನೆ ಬಂತು. ಅದರಲ್ಲಿ ಒಂದು ಕಾಲಕ್ಕೆ ೮೦ ಸಾವಿರಕ್ಕೂ ಹೆಚ್ಚು ಹುಡುಗಿಯರಿದ್ದರು. ಪಟ್ಟಣದ ಅಂಗಡಿಗಳಲ್ಲಿ ಬಟ್ಟೆ ಮಾರುತ್ತಿದ್ದವರು ಹಾಲು ಕರೆಯಲು, ಟ್ರಾಕ್ಟರು ಹೊಡೆಯಲು ಕಲಿತರು. ಅಮೆರಿಕದಿಂದ ಉದ್ದರಿಯ ಮೇಲೆ ಆಹಾರವೂ ಯಂತ್ರಗಳೂ ಬಂದವು, ಅದನ್ನೂ ಮರೆಯಬಾರದು.

ಬೆಳೆಯುವುದು ಅರ್ಧ ಕೆಲಸ. ಹಂಚುವುದು ಇನ್ನರ್ಧ. ೧೯೪೦ರ ಏಪ್ರಿಲಿನಿಂದ ಆಹಾರದ ಸಚಿವರಾಗಿದ್ದವರು ಲಾರ್ಡ್ ವುಲ್ಟನ್ ಎಂಬುವರು. ಮೊದಲು ದೊಡ್ಡ ಅಂಗಡಿಗಳ ವ್ಯಾಪಾರ ನಡೆಸಿದ್ದ ಗೃಹಸ್ಥ. ಮನೆ ಮನೆಗೂ, ತಲೆ ತಲೆಗೂ ಪಡಿತರದ ಪುಸ್ತಕ. ವಾರಕ್ಕೆ ಒಬ್ಬರಿಗೆ ಚಹಾದ ಪುಡಿ ಎರಡು ಔನ್ಸು, ಎಂದರೆ ೫೭ ಗ್ರಾಂ ಅಷ್ಟೆ. ಸಕ್ಕರೆ, ಬೆಣ್ಣೆ, ಮಾಂಸ, ಬಟ್ಟೆ ಎಲ್ಲಕ್ಕೂ ಮಿತಿ. ಅರಮನೆಯವರಿಗೂ ಪಡಿತರದ ಪುಸ್ತಕ ಇತ್ತು. ಆದರೆ ಹೊಟ್ಟೆ ತುಂಬಿಸುವ ಬ್ರೆಡ್ಡಿಗೂ ಆಲೂಗೆಡ್ಡೆಗೂ ಯುದ್ಧ ನಡೆಯುವಷ್ಟು ಕಾಲ ಮಿತಿ ಹಾಕಲಿಲ್ಲ. ಬಸುರಿ ಬಾಣಂತಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ದಿನಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ಹಾಲು, ಕಡಿಮೆ ಬೆಲೆಗೆ, ತೀರ ಬಡವರಿಗೆ ಪುಕ್ಕಟೆ. ಬಾಂಬು ಬೀಳುತ್ತಿದ್ದ ಆ ದೇಶದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಎಳೆಗೂಸುಗಳ ಸಾವು ಯುದ್ಧಕ್ಕೆ ಮುಂಚೆ ಇದ್ದುದಕ್ಕಿಂತ ಕಡಿಮೆಯಾಗಿತ್ತು. ಪಡಿತರದ ಪದ್ಧತಿ ಪೂರ್ತಿ ಕೊನೆಗೊಂಡದ್ದು ೧೯೫೪ರಲ್ಲಿ.

ಇನ್ನು ದುಡ್ಡಿನ ಮಾತು. ಸೈನ್ಯಕ್ಕೂ ಕಾರ್ಖಾನೆಗೂ ಸರ್ಕಾರ ದುಡ್ಡು ಸುರಿದರೆ ಜನರ ಕೈಯಲ್ಲಿ ದುಡ್ಡು ಹೆಚ್ಚುತ್ತದೆ. ಕೊಳ್ಳುವ ಸಾಮಾನು ಮಾತ್ರ ಹೆಚ್ಚುವುದಿಲ್ಲ. ಸಂತೆಗೆ ಹತ್ತು ಮೂಟೆ ಜೋಳ ಬಂದು, ಕೊಳ್ಳುವವರ ಕೈಯಲ್ಲಿ ಎರಡರಷ್ಟು ದುಡ್ಡಿದ್ದರೆ ಏನಾಗುತ್ತದೆ? ಜೋಳ ಹೆಚ್ಚಲಿಲ್ಲ, ಬೆಲೆ ಹೆಚ್ಚಿತು. ದುಡ್ಡಿದ್ದವನು ಕೊಂಡ, ಇಲ್ಲದವನು ಬರಿಗೈಲಿ ಮನೆಗೆ ಹೋದ. ಹೀಗಾಗಬಾರದೆಂದು ಇಂಗ್ಲೆಂಡಿನಲ್ಲಿ ೧೯೪೧ರಲ್ಲಿ ವರಮಾನ ತೆರಿಗೆಯ ದರವನ್ನು ರೂಪಾಯಿಗೆ ಎಂಟಾಣೆಯ ಲೆಕ್ಕಕ್ಕೆ ಏರಿಸಿದರು. ಯುದ್ಧದಿಂದ ಬಂದ ವಿಪರೀತ ಲಾಭವನ್ನು ತೆರಿಗೆಯಾಗಿ ತೆಗೆದುಕೊಂಡರು. ಉಳಿತಾಯದ ಪತ್ರಗಳನ್ನು ಕೊಳ್ಳಿರೆಂದು ಊರೂರಲ್ಲಿ ಸಾರಿದರು. ಹೀಗೆ ದುಡ್ಡು ಸಂತೆಗೆ ಬಂದು ಬಡವನ ತಟ್ಟೆಯನ್ನು ಕಸಿಯದ ಹಾಗೆ ಕಟ್ಟೆ ಹಾಕಿದರು.

ಈಗ ಬಂಗಾಳಕ್ಕೆ ಬರೋಣ. ಅದೇ ದೊರೆ, ಅದೇ ಯುದ್ಧ. ೧೯೪೨ರ ಮಾರ್ಚಿಯಲ್ಲಿ ಜಪಾನಿನ ಸೇನೆ ರಂಗೂನನ್ನು ಹಿಡಿಯಿತು. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರು ಸಮುದ್ರದ ಕಡೆಯಿಂದ ಬಂದರೆ ಅವನ ಕೈಗೆ ಏನೂ ಸಿಗಬಾರದೆಂದು ಸರ್ಕಾರ ಕರಾವಳಿಯ ಜಿಲ್ಲೆಗಳಲ್ಲಿ ಹೆಚ್ಚುವರಿ ಅಕ್ಕಿಯನ್ನು ಎತ್ತಿಸಿತು. ಹತ್ತು ಜನ ಕೂರುವಷ್ಟು ಮತ್ತು ಅದಕ್ಕಿಂತ ದೊಡ್ಡ ದೋಣಿಗಳನ್ನೆಲ್ಲ ಕಸಿದುಕೊಂಡಿತು, ಎಷ್ಟೋ ದೋಣಿಗಳನ್ನು ಒಡೆದುಹಾಕಿತು. ಬಂಗಾಳದ ನದೀಮುಖದಲ್ಲಿ ದೋಣಿಯೇ ಗಾಡಿ, ದೋಣಿಯೇ ನೇಗಿಲು. ಮೀನುಗಾರನ ಅನ್ನವೂ ಅದೇ. ದೋಣಿ ಹೋಯಿತು, ಬದುಕು ಹೋಯಿತು. ಅದೇ ವರ್ಷ ಅಕ್ಟೋಬರ್ ೧೬ರಂದು ಮಿಡ್ನಾಪುರದ ಕಡೆ ದೊಡ್ಡ ಚಂಡಮಾರುತ ಬಡಿದು ಉಪ್ಪುನೀರು ಗದ್ದೆಗೆ ನುಗ್ಗಿತು. ನಿಂತ ಭತ್ತಕ್ಕೆ ಕಂದು ಚುಕ್ಕೆಯ ರೋಗ ಬಿತ್ತು.

ದುಡ್ಡಿನ ಕಟ್ಟೆಯೂ ಇಲ್ಲಿ ಇರಲಿಲ್ಲ. ಭಾರತದಲ್ಲಿ ನಡೆದ ಯುದ್ಧದ ಖರ್ಚಿನಲ್ಲಿ ಬ್ರಿಟನ್ನಿನ ಪಾಲಿಗೆ ಆ ಸರ್ಕಾರ ಲಂಡನ್ನಿನಲ್ಲಿ ಸಾಲದ ಚೀಟಿ ಬರೆದಿಟ್ಟಿತು. ಆ ಚೀಟಿಯ ಆಧಾರದ ಮೇಲೆ ಇಲ್ಲಿ ರೂಪಾಯಿ ನೋಟು ಅಚ್ಚಾಯಿತು. ಯುದ್ಧ ಮುಗಿಯುವ ವೇಳೆಗೆ ಚಲಾವಣೆಯ ನೋಟು ಮೊದಲಿನ ಐದು ಪಟ್ಟಿಗೂ ಮೀರಿತ್ತು. ಬೆಳೆ ಐದು ಪಟ್ಟಾಯಿತೆ? ಇಲ್ಲ. ಕಲ್ಕತ್ತದಲ್ಲಿ ೧೯೪೨ರ ಡಿಸೆಂಬರಿನಲ್ಲಿ ಮಣ ಅಕ್ಕಿಗೆ ಹದಿಮೂರು ಹದಿನಾಲ್ಕು ರೂಪಾಯಿ ಇದ್ದ ಸಗಟು ಧಾರಣೆ ೧೯೪೩ರ ಮೇ ತಿಂಗಳಿಗೆ ಮೂವತ್ತು ದಾಟಿತು. ಸರ್ಕಾರ ಬೆಲೆ ಕಟ್ಟಿ ನೋಡಿತು. ಧಾನ್ಯದ ಲೆಕ್ಕವೇ ಕೈಯಲ್ಲಿ ಇಲ್ಲದೆ ಬೆಲೆ ಕಟ್ಟಿದರೆ ಧಾನ್ಯ ಅಂಗಡಿಯಿಂದ ಮಾಯವಾಗಿ ಕಾಳಸಂತೆ ಸೇರುತ್ತದೆ. ಮಾರ್ಚಿಯಲ್ಲಿ ಆ ಕಟ್ಟನ್ನು ಬಿಟ್ಟುಬಿಟ್ಟಾಗ ಧಾರಣೆ ಹುಚ್ಚು ಕುದುರೆಯಾಯಿತು. ನೆರೆಯ ಪ್ರಾಂತಗಳು ತಮ್ಮ ತಮ್ಮ ಗಡಿಯಲ್ಲಿ ಧಾನ್ಯದ ಸಾಗಾಟಕ್ಕೆ ಅಡ್ಡಗಟ್ಟೆ ಹಾಕಿಕೊಂಡಿದ್ದವು.

ಕಲ್ಕತ್ತದ ಕಾರ್ಖಾನೆಯವರಿಗೆ, ಸರ್ಕಾರಿ ನೌಕರರಿಗೆ ಅಗ್ಗದ ಅಕ್ಕಿಯ ಏರ್ಪಾಟಾಯಿತು. ಯುದ್ಧದ ಕೆಲಸ ನಿಲ್ಲಬಾರದಲ್ಲ! ಹಳ್ಳಿಯವರಿಗೆ ಯಾವ ಪುಸ್ತಕವೂ ಇಲ್ಲ, ಯಾವ ಪಾಲೂ ಇಲ್ಲ. ಸತ್ತವರು ಯಾರು? ದಿನಗೂಲಿಗೆ ಹೊಲದಲ್ಲಿ ದುಡಿಯುವವರು, ಮೀನುಗಾರರು, ದೋಣಿಯವರು, ಭತ್ತ ಕುಟ್ಟಿ ಜೀವನ ಮಾಡುತ್ತಿದ್ದ ಹೆಂಗಸರು. ಅನ್ನ ಬೆಳೆಯುವ ಕೈಗಳೇ ಅನ್ನವಿಲ್ಲದೆ ಹೋದವು. ಹಸಿದವರು ನಡೆದುಕೊಂಡು ಕಲ್ಕತ್ತಕ್ಕೆ ಬಂದು ಬೀದಿಯಲ್ಲಿ ಬಿದ್ದರು. ಬರಗಾಲವೆಂದು ಕಾಯಿದೆಯ ಪ್ರಕಾರ ಸಾರಲೇ ಇಲ್ಲ. ಹಡಗಿನಲ್ಲಿ ಧಾನ್ಯ ಕಳಿಸಿ ಎಂದು ದೆಹಲಿಯಿಂದ ಮೇಲಿಂದ ಮೇಲೆ ಹೋದ ಕೋರಿಕೆಗಳಿಗೆ ಲಂಡನ್ನಿನ ಯುದ್ಧ ಸಂಪುಟ ಕೇಳಿದಷ್ಟು ಕೊಡಲಿಲ್ಲ. ಸತ್ತವರು ೧೫ ಲಕ್ಷವೆಂದು ಸರ್ಕಾರದ ವಿಚಾರಣಾ ಆಯೋಗ ಅಂದಾಜು ಮಾಡಿತು. ಆಮೇಲಿನ ವಿದ್ವಾಂಸರಲ್ಲಿ ೩೦ ಲಕ್ಷವೆನ್ನುವವರೂ ಇದ್ದಾರೆ.

ಬಾಂಧವರೆ, ಬಂಗಾಳದಲ್ಲಿ ಅಕ್ಕಿ ಕಡಿಮೆಯಾಗಿತ್ತು ನಿಜ. ಆದರೆ ಅಷ್ಟೊಂದು ಜನ ಸಾಯುವಷ್ಟು ಕಡಿಮೆಯಾಗಿರಲಿಲ್ಲ, ಕೊಳ್ಳುವ ಶಕ್ತಿ ಹೋದದ್ದರಿಂದ ಸತ್ತರು ಎಂದು ಅಮರ್ತ್ಯ ಸೇನ್ ಅವರು ೧೯೮೧ರ ತಮ್ಮ ಗ್ರಂಥದಲ್ಲಿ ಲೆಕ್ಕ ಹಾಕಿ ತೋರಿಸಿದರು. ಬಾಲ್ಯದಲ್ಲಿ ಆ ಕ್ಷಾಮವನ್ನು ಕಣ್ಣಾರೆ ಕಂಡವರು ಅವರು. ಇಂಗ್ಲೆಂಡಿನ ಸರ್ಕಾರ ತನ್ನ ಜನಕ್ಕೆ ಉತ್ತರ ಹೇಳಬೇಕಿತ್ತು. ಹಸಿದವನ ವೋಟು ಅದನ್ನು ಇಳಿಸಬಹುದಿತ್ತು. ಬಂಗಾಳದ ಕೂಲಿಗೆ ಲಂಡನ್ನಿನಲ್ಲಿ ವೋಟೂ ಇರಲಿಲ್ಲ, ಧ್ವನಿಯೂ ಇರಲಿಲ್ಲ. ಎರಡು ನಾಡಿನ ಕಥೆಗೆ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನಗೆ ತೋರುತ್ತದೆ.

ಈ ಘೋರದಿಂದ ಸರ್ಕಾರ ತಡವಾಗಿ ಪಾಠ ಕಲಿಯಿತು. ೧೯೪೩ರಲ್ಲಿ ಒಂದು ಆಹಾರಧಾನ್ಯ ನೀತಿ ಸಮಿತಿ ಕೂತು, ದೊಡ್ಡ ಪಟ್ಟಣಗಳಲ್ಲಿ ಪಡಿತರ ಪದ್ಧತಿ ತರಬೇಕು, ಅದಕ್ಕಾಗಿ ಸರ್ಕಾರವೇ ಬೆಳೆದವರಿಂದ ಧಾನ್ಯ ಸಂಗ್ರಹಿಸಬೇಕು ಎಂದು ಹೇಳಿತು. ಆ ಕಾಲದಲ್ಲೇ ನಮ್ಮ ಕಡೆಗೂ ಕಂಟ್ರೋಲು, ಲೆವಿ ಬಂದವು. ಅಜ್ಜ, ನಿಮ್ಮಪ್ಪನ ಕಣಕ್ಕೆ ಆ ಅಳತೆಯವರು ಬಂದ ದಾರಿ ಇದು. ಬಂಗಾಳದ ಬೀದಿಯಲ್ಲಿ ಬಿದ್ದ ಹೆಣಗಳು ಇಲ್ಲಿ ಬೀಳಬಾರದು ಎಂಬುದು ಅದರ ಉದ್ದೇಶ. ಉದ್ದೇಶ ತಪ್ಪಲ್ಲ. ಆದರೆ ಬೆಳೆದವನಿಗೆ ನ್ಯಾಯವಾದ ಬೆಲೆ ಸಿಗದೆ, ಅವನ ಮನೆಯ ಊಟಕ್ಕೂ ಬೀಜಕ್ಕೂ ಎಷ್ಟು ಬೇಕೆಂದು ಸರಿಯಾಗಿ ಕೇಳದೆ ಅಳೆದರೆ, ತಾಯಿ ಹುಲ್ಲಿನ ಮೆದೆಯೊಳಗೆ ಬಚ್ಚಿಡದೆ ಇನ್ನೇನು ಮಾಡುತ್ತಾಳೆ?

ಸ್ವಾತಂತ್ರ್ಯ ಬಂದ ಮೇಲೂ ಈ ಪಾಠ ಮುಂದುವರಿಯಿತು. ಯುದ್ಧಕಾಲದಲ್ಲಿ ಶುರುವಾಗಿದ್ದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯನ್ನು ವಿಚಾರಿಸಿದ ಸಮಿತಿ ೧೯೫೨ರಲ್ಲಿ ವರದಿ ಕೊಟ್ಟಿತು. ಬರಿಯ ಘೋಷಣೆ ಸಾಲದು, ಹಳ್ಳಿಯ ಒಟ್ಟು ಬಾಳ್ವೆ ಎತ್ತರಿಸಬೇಕು, ರೈತನ ಬಾಗಿಲಿಗೆ ಹೋಗಿ ತಿಳಿವಳಿಕೆ ಕೊಡುವವರು ಬೇಕು ಎಂದಿತು. ಅದರ ಫಲವಾಗಿ ೧೯೫೩ರ ಅಕ್ಟೋಬರ್ ೨ರಂದು ರಾಷ್ಟ್ರೀಯ ವಿಸ್ತರಣಾ ಸೇವೆ ಆರಂಭವಾಯಿತು. ಇಂದು ನಾನು ಮಾಡುವ ಕೆಲಸದ ಬೇರು ಅಲ್ಲಿದೆ. ಹಾಗೆ ನೋಡಿದರೆ ನನ್ನ ಅನ್ನವೂ ಒಂದು ಕಷ್ಟಕಾಲದ ಕೂಸು.

ಮುಂದೆ ೧೯೬೫ ಬಂತು. ಒಂದು ಕಡೆ ಪಾಕಿಸ್ತಾನದೊಡನೆ ಯುದ್ಧ, ಇನ್ನೊಂದು ಕಡೆ ಮಳೆ ಇಲ್ಲ. ೧೯೬೪-೬೫ರಲ್ಲಿ ಸುಮಾರು ೮೯೦ ಲಕ್ಷ ಟನ್ನಿದ್ದ ದೇಶದ ಆಹಾರಧಾನ್ಯ ಮರುವರ್ಷ ೭೨೦ ಲಕ್ಷ ಟನ್ನಿಗೆ ಇಳಿಯಿತು. ಅಮೆರಿಕದ ಗೋಧಿಯ ಹಡಗನ್ನು ಕಾಯುವ ಸ್ಥಿತಿ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಸೈನಿಕನಿಗೂ ರೈತನಿಗೂ ಒಂದೇ ಉಸಿರಿನಲ್ಲಿ ಜೈ ಎಂದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ೧೯೬೫ರ ಆರಂಭದಲ್ಲಿ ಧಾನ್ಯ ಕೊಂಡು ಕೂಡಿಡುವುದಕ್ಕೆ ಭಾರತ ಆಹಾರ ನಿಗಮ, ಬೆಳೆಗೆ ಬೆಲೆ ಸೂಚಿಸುವುದಕ್ಕೆ ಕೃಷಿ ಬೆಲೆ ಆಯೋಗ ಹುಟ್ಟಿದ್ದವು. ಆಹಾರ ಸಚಿವರಾಗಿದ್ದ ಸಿ. ಸುಬ್ರಹ್ಮಣ್ಯಂ ಅವರ ಕಾಲದಲ್ಲಿ, ೧೯೬೬ರಲ್ಲಿ, ಮೆಕ್ಸಿಕೋದಿಂದ ೧೮ ಸಾವಿರ ಟನ್ ಗಿಡ್ಡ ಗೋಧಿಯ ಬೀಜ ಬಂತು. ೧೯೬೭-೬೮ಕ್ಕೆ ಫಸಲು ೯೫೦ ಲಕ್ಷ ಟನ್ನಿಗೆ ಏರಿತು. ಬೀಜ, ಗೊಬ್ಬರ, ನೀರು ಹೌದು. ಆದರೆ ‘ಬೆಳೆದರೆ ಕೊಳ್ಳುವವರಿದ್ದಾರೆ’ ಎಂಬ ಭರವಸೆ ಇಲ್ಲದಿದ್ದರೆ ಯಾವ ರೈತ ಹೊಸ ಬೀಜಕ್ಕೆ ಕೈ ಹಾಕುತ್ತಿದ್ದ?

ತೀರ ಇತ್ತೀಚಿನ ಮಾತು ನಿಮಗೆಲ್ಲ ನೆನಪಿದೆ. ೨೦೨೦ರಲ್ಲಿ ಕೊರೋನಾ ಬಂದು ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಏಪ್ರಿಲಿನಿಂದ ಸುಮಾರು ೮೦ ಕೋಟಿ ಜನರಿಗೆ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯವನ್ನು ಪುಕ್ಕಟೆಯಾಗಿ ಕೊಡಲು ಸಾಧ್ಯವಾದದ್ದು ಉಗ್ರಾಣಗಳು ತುಂಬಿದ್ದರಿಂದ. ತುಂಬಿಸಿದವರು ರೈತರು. ಆದರೆ ಊರು ಬಿಟ್ಟು ಊರಿನಲ್ಲಿ ದುಡಿಯುತ್ತಿದ್ದವರು, ಅಲ್ಲಿ ಪಡಿತರ ಚೀಟಿ ಇಲ್ಲದವರು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆದರಲ್ಲ, ಅದನ್ನೂ ಕಂಡಿದ್ದೇವೆ. ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಪಾಲು ತಲುಪುವುದು ಕಷ್ಟ ಎಂಬ ಬಂಗಾಳದ ಪಾಠ ಇನ್ನೂ ಪೂರ್ತಿ ಕಲಿತಿಲ್ಲ.

ಹಾಗಾದರೆ ಅಜ್ಜನ ಪ್ರಶ್ನೆಗೆ ಉತ್ತರವೇನು? ಕಷ್ಟಕಾಲದಲ್ಲಿ ನಾಡಿನ ಧಾನ್ಯಕ್ಕೆ ನಾಡಿನ ಹಸಿದವರ ಹಕ್ಕೂ ಸೇರುತ್ತದೆ. ಸರ್ಕಾರ ಅದನ್ನು ಎತ್ತಿ ಹಂಚುವುದು ಅನ್ಯಾಯವಲ್ಲ. ಆದರೆ ನಾಲ್ಕು ಕಟ್ಟಳೆ ಅದಕ್ಕಿರಬೇಕು. ಒಂದು, ನಾಡಿನ ಧಾನ್ಯದ ಸರಿಯಾದ ಲೆಕ್ಕ. ಎರಡು, ಬೆಳೆದವನಿಗೆ ನ್ಯಾಯವಾದ ಬೆಲೆ, ಅದೂ ವೇಳೆಗೆ ಸರಿಯಾಗಿ. ಮೂರು, ದೊರೆಗೂ ಕೂಲಿಗೂ ಒಂದೇ ಅಳತೆಯ ಪಾಲು. ನಾಲ್ಕು, ಕಷ್ಟ ಕಳೆದ ಮೇಲೂ ಕೊಟ್ಟ ಮಾತು ಉಳಿಸಿಕೊಳ್ಳುವುದು. ಈ ನಾಲ್ಕೂ ಇದ್ದರೆ ರೈತ ತಾನಾಗಿ ನೇಗಿಲು ತಿರುಗಿಸುತ್ತಾನೆ. ಇಲ್ಲದಿದ್ದರೆ ಅದು ಬರಿಯ ಕಸಿದುಕೊಳ್ಳುವುದು.

ಮೊನ್ನೆ ಮತ್ತೆ ಆ ಹಳ್ಳಿಗೆ ಹೋಗಿ ಅಜ್ಜನಿಗೆ ಇಷ್ಟನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಬಂಗಾಳದ ಮಕ್ಕಳ ಬಾಯಿಗೆ ಅಂತ ಅವತ್ತು ಒಬ್ಬ ಹೇಳಿದ್ದಿದ್ರೆ ನಮ್ಮವ್ವ ಆ ಎರಡು ಕೊಳಗಾನ ತಾನೇ ತಂದು ಅಳೀತಿದ್ಲು ಸ್ವಾಮಿ. ಅಳೆಯೋಕೆ ಬಂದೋರು ಬಾಯಿ ಬಿಡಲಿಲ್ಲ” ಅಂದರು. ಅವರ ಮೊಮ್ಮಗ ಅದೇ ಹೊತ್ತಿಗೆ ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ರಾಗಿ ಹಾಕಲು ಹೆಸರು ಬರೆಸಿಕೊಂಡು ಬಂದಿದ್ದ. “ಕಾಸು ಯಾವಾಗ ಬರುತ್ತೆ ಅಂತ ಕೇಳಿಕೊಂಡು ಬಂದೆಯೇನೋ?” ಅಂತ ಅಜ್ಜ ಅವನನ್ನು ವಿಚಾರಿಸಿದರು.

ಬಾಂಧವರೆ, ನೀವೂ ಹಾಗೆಯೇ ಕೇಳಿ. ಪಹಣಿಯಲ್ಲಿ ನಿಮ್ಮ ಬೆಳೆ ಸರಿಯಾಗಿ ನಮೂದಾಗಿದೆಯೆ ನೋಡಿಕೊಳ್ಳಿ, ಯಾಕೆಂದರೆ ನಾಡಿನ ಲೆಕ್ಕ ಅಲ್ಲಿಂದಲೇ ಶುರು. ನಿಮ್ಮೂರಿನಲ್ಲಿ ಪಡಿತರ ಚೀಟಿ ಇಲ್ಲದ ಬಡವರಿದ್ದರೆ ಅದನ್ನು ಮಾಡಿಸಿಕೊಡಲು ಕೈ ಜೋಡಿಸಿ. ಒಳ್ಳೆಯ ಕಾಲದಲ್ಲಿ ಮಾಡಿಟ್ಟ ಈ ಕೆಲಸವೇ ಕೆಟ್ಟ ಕಾಲದಲ್ಲಿ ಕೈ ಹಿಡಿಯುವುದು. ಮುಂದಿನ ಸಲ ನಮ್ಮ ಎಂದಿನ ವಿಷಯಕ್ಕೆ, ಮುಂಗಾರಿನ ಬಿತ್ತನೆಯ ಸಿದ್ಧತೆಗೆ, ಬರುತ್ತೇನೆ.